ಹೆಬ್ಬಾವಿನ ಆಕಾಂಕ್ಷಿ

ಮೊದಲ ಸಲ ದೊಡ್ಡ ಹೆಬ್ಬಾವು ಸಾಕಲು ಹೊರಟವನನ್ನು ಹೆಬ್ಬಾವಿನ ಆಕಾಂಕ್ಷಿ ಎನ್ನಬಹುದು. ಅಮೆರಿಕದಲ್ಲಿ ಈತ ಹಲವು ಕಡೆ ಸಿಗುತ್ತಾನೆ. ಟೆಕ್ಸಾಸ್ ರಾಜ್ಯದ ಡಲ್ಲಾಸ್ ಸುತ್ತಮುತ್ತ ಕಾಣಸಿಗುವ ಮಾದರಿಯನ್ನು ಇಲ್ಲಿ ವರ್ಣಿಸಿದೆ. ವಯಸ್ಸು ಮೂವತ್ತರ ಆಸುಪಾಸು, ಕೆಲಸ ಕಂಪ್ಯೂಟರ್ ಮುಂದೆ, ಸ್ವಭಾವ ಸಾಧು. ನಾಯಿಯನ್ನು ದಿನಕ್ಕೆರಡು ಹೊತ್ತು ಹೊರಗೆ ಕರೆದೊಯ್ಯಬೇಕು, ಬೆಕ್ಕಿಗೆ ಎಲ್ಲದರ ಬಗ್ಗೆಯೂ ತನ್ನದೇ ಅಭಿಪ್ರಾಯವಿರುತ್ತದೆ, ಹಾವಿಗೆ ಈ ಎರಡು ರಗಳೆಯೂ ಇಲ್ಲ ಎಂಬುದು ಆತನ ಮೊದಲ ವಾದ. ಹಾವು ಬೊಗಳುವುದಿಲ್ಲ, ಕೂದಲು ಉದುರಿಸುವುದಿಲ್ಲ, ವಾರಕ್ಕೊಂದು ಊಟ ಸಾಕು. ಇದರಲ್ಲಿ ಸುಳ್ಳೇನೂ ಇಲ್ಲ. ಬಾಡಿಗೆ ಕರಾರಿನಲ್ಲಿ ನಾಯಿ ಬೆಕ್ಕುಗಳ ಮಾತಷ್ಟೇ ಇದೆ, ಹಾವಿನ ಸುದ್ದಿಯೇ ಇಲ್ಲ ಎಂಬುದನ್ನೂ ಆತ ಓದಿಟ್ಟುಕೊಂಡಿರುತ್ತಾನೆ.

ಆಯ್ಕೆಯ ಹಂತದಲ್ಲಿ ಆತನಿಗೆ ಬೇಡವೆಂದರೂ ಸಲಹೆ ಸಿಗುತ್ತದೆ. ಆಫ್ರಿಕಾ ಮೂಲದ ಬಾಲ್ ಪೈಥಾನ್ ಬೆಳೆದರೂ ಒಂದೂವರೆ ಮೀಟರ್ ದಾಟುವುದು ಅಪರೂಪ. ಹೆದರಿದರೆ ಕಚ್ಚುವ ಬದಲು ಉಂಡೆಯಾಗಿ ಮುದುಡಿಕೊಳ್ಳುತ್ತದೆ. ಹೊಸಬರಿಗೆ ಇದೇ ಸರಿ ಎಂದು ಅನುಭವಸ್ಥರೆಲ್ಲ ಹೇಳುತ್ತಾರೆ. ಆಕಾಂಕ್ಷಿ ತಲೆಯಾಡಿಸುತ್ತ ಕೇಳಿಸಿಕೊಂಡು, ಬರ್ಮೀಸ್ ಪೈಥಾನಿನ ಬೆಲೆ ವಿಚಾರಿಸಲು ಹೋಗುತ್ತಾನೆ. ಮೊಟ್ಟೆಯೊಡೆದು ಬಂದ ಬರ್ಮೀಸ್ ಮರಿ ಅರ್ಧ ಮೀಟರ್ ಉದ್ದ, ಅಂಗೈಯಲ್ಲಿ ಹಿಡಿಸುತ್ತದೆ. ಬೆಳೆದ ಹೆಣ್ಣು 4 ಮೀಟರ್ ದಾಟಿ, ತೂಕದಲ್ಲಿ 50 ಕಿಲೋವನ್ನೂ ಮೀರಬಹುದು. ಇವೆರಡು ಅಂಕಿಗಳನ್ನೂ ಆತ ಬಲ್ಲ. ಆದರೆ ಒಂದೇ ಪ್ರಾಣಿಗೆ ಸೇರಿದವೆಂದು ಒಟ್ಟಿಗೆ ಇಟ್ಟು ನೋಡುವುದಿಲ್ಲ. ಆತನ ಫೋನಿನಲ್ಲಿ ಕ್ಯಾನ್ಸಸ್ ಸಿಟಿಯ ಮೆಡೂಸಾ ಎಂಬ ಹೆಬ್ಬಾವಿನ ಚಿತ್ರ ಸದಾ ಇರುತ್ತದೆ. ರೆಟಿಕ್ಯುಲೇಟೆಡ್ ಜಾತಿಯ ಇದು 2011ರಲ್ಲಿ ಅಳೆದಾಗ 7.67 ಮೀಟರ್ ಉದ್ದ, 158.8 ಕಿಲೋ ತೂಕವಿದ್ದು ಗಿನ್ನೆಸ್ ದಾಖಲೆ ಸೇರಿತು. ಅಳೆಯುವಾಗ ಎತ್ತಿ ಹಿಡಿಯಲು 15 ಮಂದಿ ಬೇಕಾಯಿತು. ಚಿತ್ರ ತೋರಿಸುವಾಗ ಆಕಾಂಕ್ಷಿ ಹಾವಿನ ಉದ್ದವನ್ನು ಹೇಳುತ್ತಾನೆ, ಮಂದಿಯ ಲೆಕ್ಕ ಹೇಳುವುದಿಲ್ಲ.

ಪರವಾನಗಿಯ ಹಂತ ಚಿಕ್ಕದು. ಟೆಕ್ಸಾಸಿನಲ್ಲಿ ದೊಡ್ಡ ಜಾತಿಯ ಹೆಬ್ಬಾವು ಇಟ್ಟುಕೊಳ್ಳಲು ರಾಜ್ಯದ ಪರವಾನಗಿ ಬೇಕು. ಬೇಟೆಯ ಪರವಾನಗಿ ಸಿಗುವ ಕಡೆಯೇ ಸುಮಾರು 20 ಡಾಲರಿಗೆ ಅದೂ ಸಿಗುತ್ತದೆ. ಬರ್ಮೀಸ್ ಪೈಥಾನನ್ನು ದೇಶದೊಳಕ್ಕೆ ತರುವುದನ್ನು ಕೇಂದ್ರ ಸರ್ಕಾರ 2012ರಲ್ಲಿ ನಿಷೇಧಿಸಿತು. ರಾಜ್ಯದಿಂದ ರಾಜ್ಯಕ್ಕೆ ಸಾಗಿಸುವುದಕ್ಕೆ ಹಾಕಿದ್ದ ತಡೆಯನ್ನು ನ್ಯಾಯಾಲಯ 2017ರಲ್ಲಿ ಬಹುಮಟ್ಟಿಗೆ ತೆಗೆದುಹಾಕಿತು. ಆಕಾಂಕ್ಷಿ ಈ ಮೊಕದ್ದಮೆಯ ಬಗ್ಗೆ ಅರ್ಧ ಗಂಟೆ ಮಾತಾಡಬಲ್ಲ. ಮನೆಯವರ ಒಪ್ಪಿಗೆ ತೆಗೆದುಕೊಂಡಿದ್ದೀಯಾ ಎಂದು ಕೇಳಿದರೆ ಮಾತು ಬದಲಿಸುತ್ತಾನೆ.

ಪೆಟ್ಟಿಗೆ ಮತ್ತು ಶಾಖದ ವಿಷಯದಲ್ಲಿ ಆತನನ್ನು ಮೀರಿಸುವವರಿಲ್ಲ. ಹಾವಿಗೆ ನಮ್ಮಂತೆ ಮೈಯನ್ನು ತಾನೇ ಬೆಚ್ಚಗಿಟ್ಟುಕೊಳ್ಳುವ ಏರ್ಪಾಡಿಲ್ಲ. ಬೇಕಾದಾಗ ಬಿಸಿಗೆ, ಸಾಕೆನಿಸಿದಾಗ ತಂಪಿಗೆ ಸರಿದುಕೊಳ್ಳುತ್ತದೆ. ಆದ್ದರಿಂದ ಪೆಟ್ಟಿಗೆಯ ಒಂದು ಮೂಲೆ 32 ಡಿಗ್ರಿ, ಇನ್ನೊಂದು 26 ಡಿಗ್ರಿ ಇರಬೇಕು. ಹೀಟರಿಗೆ ಥರ್ಮೋಸ್ಟಾಟ್ ಇರಲೇಬೇಕು. ಅಂಗಡಿಯಲ್ಲಿ ಸಿಗುವ ಬಿಸಿಕಲ್ಲಿನ ಮೇಲೆ ಹಾವು ಹೊಟ್ಟೆ ಸುಟ್ಟರೂ ಗೊತ್ತಾಗದೆ ಮಲಗಿಬಿಡುತ್ತದೆ. ಇದೆಲ್ಲ ಪುಸ್ತಕದಲ್ಲಿರುವುದೇ. ಆಕಾಂಕ್ಷಿಯ ವಿಶೇಷವೆಂದರೆ ಹಾವು ಬರುವುದಕ್ಕೆ ಒಂದು ತಿಂಗಳು ಮೊದಲೇ ಖಾಲಿ ಪೆಟ್ಟಿಗೆಯನ್ನು ಚಾಲೂ ಮಾಡಿ, ಮೂರು ಥರ್ಮಾಮೀಟರ್ ನೇತುಹಾಕಿ, ಗಂಟೆಗೊಮ್ಮೆ ಉಷ್ಣಾಂಶ, ತೇವಾಂಶ ಬರೆದಿಡುವುದು. ಜನವರಿಯ ರಾತ್ರಿ ಕರೆಂಟ್ ಬಿಲ್ಲಿಗೆ ಹೆದರಿ ಮನೆಯ ಹೀಟರನ್ನು 19ಕ್ಕೆ ಇಳಿಸಲಾಗಿರುತ್ತದೆ. ಹೆಂಡತಿ ಎರಡು ಸ್ವೆಟರ್ ಹಾಕಿಕೊಂಡು ಸೋಫಾದಲ್ಲಿ ಕೂತಿರುತ್ತಾಳೆ, ಪಕ್ಕದಲ್ಲೇ ಇನ್ನೂ ಹುಟ್ಟದ ಹಾವಿಗಾಗಿ ಗಾಜಿನ ಪೆಟ್ಟಿಗೆಯೊಂದು 32 ಡಿಗ್ರಿಯಲ್ಲಿ ಹಿತವಾಗಿ ಬೆಳಗುತ್ತಿರುತ್ತದೆ. ಅವಳ ದೂರು ಆ ತಖ್ತೆಯಲ್ಲಿ ದಾಖಲಾಗುವುದಿಲ್ಲ.

ಡಲ್ಲಾಸ್ ಕಡೆ ನೆಲೆಸಿದ ಕನ್ನಡಿಗರಲ್ಲೂ ಒಬ್ಬೊಬ್ಬರು ಈ ಗುಂಪಿಗೆ ಸೇರುತ್ತಾರೆ. ಇವರ ಸಿದ್ಧತೆಯಲ್ಲಿ ಒಂದೆರಡು ಅಧ್ಯಾಯ ಹೆಚ್ಚು. 2021ರ ಫೆಬ್ರುವರಿಯ ಹಿಮಗಾಳಿಯಲ್ಲಿ ಟೆಕ್ಸಾಸಿನ ವಿದ್ಯುತ್ ಜಾಲ ಕೈಕೊಟ್ಟು ಲಕ್ಷಾಂತರ ಮನೆಗಳು ದಿನಗಟ್ಟಲೆ ಕತ್ತಲೆಯಲ್ಲಿದ್ದವು. ಹಾವು ಸಾಕಿದವರ ಎದೆ ನಡುಗಿದ್ದು ಆಗ. ಬೆಂಗಳೂರಿನಲ್ಲಿ ಬೆಳೆದು ಲೋಡ್ ಶೆಡ್ಡಿಂಗ್ ಕಂಡವನು ಪೆಟ್ಟಿಗೆಗಿಂತ ಮೊದಲು ಯುಪಿಎಸ್ ಕೊಳ್ಳುತ್ತಾನೆ. ಇಷ್ಟರಮಟ್ಟಿಗೆ ಆತ ಬೇರೆಯವರಿಗಿಂತ ಮುಂದೆ. ಆತ ಹಿಂದೆ ಬೀಳುವುದು ಊರಿನಿಂದ ಬರುವ ವಿಡಿಯೋ ಕರೆಯಲ್ಲಿ.

“ಹಿಂದ್ಗಡೆ ಏನೋ ಅದು, ಗಾಜಿನ ಪೆಟ್ಗೆ?”

“ಮೀನಿನ ತೊಟ್ಟಿ ಅಮ್ಮ.”

“ನೀರೇ ಇಲ್ವಲ್ಲೋ.”

ನಿಜ ಹೊರಬಿದ್ದ ಮೇಲೆ ಇದು ನಾಗರಹಾವಲ್ಲ, ಇದಕ್ಕೆ ವಿಷವಿಲ್ಲ, ಆದ್ದರಿಂದ ದೋಷವೂ ಇಲ್ಲ ಎಂದು ಮಗ ವಾದಿಸುತ್ತಾನೆ. ವರ್ಷಕ್ಕೊಮ್ಮೆ ಪಂಚಮಿಗೆ ಕಲ್ಲಿಗೆ ಹಾಲೆರೆದು ಹಾವನ್ನು ಮನೆಯಿಂದ ಮರ್ಯಾದೆಯ ದೂರದಲ್ಲಿಟ್ಟು ಬಾಳಿದ ತಾಯಿಗೆ ಪ್ರಾಣಿಶಾಸ್ತ್ರದ ಈ ಸೂಕ್ಷ್ಮ ಒಪ್ಪಿಗೆಯಾಗುವುದಿಲ್ಲ. ಮಾರನೆಯ ವಾರ ಕುಕ್ಕೆಯಲ್ಲಿ ಮಗನ ಹೆಸರಿಗೆ ಆಶ್ಲೇಷ ಬಲಿ ನಡೆಯುತ್ತದೆ.

ಆಹಾರದ ಸಿದ್ಧತೆ ನಡೆಯುವುದು ಅಡುಗೆಮನೆಯಲ್ಲಿ. ಮರಿಗೆ ಸಣ್ಣ ಇಲಿ, ಬೆಳೆದಂತೆ ದೊಡ್ಡ ಇಲಿ, ಆಮೇಲೆ ಮೊಲ ಬೇಕು. ಜೀವಂತ ಇಲಿ ಬಿಟ್ಟರೆ ಅದೇ ಹಾವನ್ನು ಕಚ್ಚಿ ಗಾಯ ಮಾಡುವುದುಂಟು. ಹೀಗಾಗಿ ಕೊಂದು ಹೆಪ್ಪುಗಟ್ಟಿಸಿದ ಇಲಿಗಳನ್ನು, ತೂಕದ ಪ್ರಕಾರ ವಿಂಗಡಿಸಿ, ಪೊಟ್ಟಣ ಕಟ್ಟಿ ಮಾರುತ್ತಾರೆ. ಕೊಂಡು ತಂದದ್ದು ಮನೆಯ ಫ್ರೀಜರಿನಲ್ಲಿ ತೆಂಗಿನತುರಿ ಪ್ಯಾಕೆಟ್ಟಿಗೂ ಊರಿಂದ ಬಂದ ಹಿತಕವರೆಕಾಳಿಗೂ ನಡುವೆ ಜಾಗ ಹಿಡಿಯುತ್ತದೆ. ಆಕಾಂಕ್ಷಿ ಮೊಟ್ಟೆಯನ್ನೂ ಒಳಗೆ ಬಿಡದ ಮನೆಯಲ್ಲಿ ಬೆಳೆದವನಾಗಿದ್ದರೆ ಪೊಟ್ಟಣಕ್ಕೆ ಮೇಲೊಂದು ಕಾಗದ ಸುತ್ತಿ ‘ಆಫೀಸ್’ ಎಂದು ಬರೆದಿರುತ್ತಾನೆ. ಅದು ಬಯಲಾದ ದಿನ ಗ್ಯಾರೇಜಿಗೆ ಎರಡನೆಯ ಫ್ರೀಜರ್ ಬರುತ್ತದೆ. ಖರ್ಚಿನ ಅಂದಾಜುಪಟ್ಟಿಯಲ್ಲಿ ಈ ಬಾಬತ್ತು ಇರಲಿಲ್ಲ.

ಹೆಪ್ಪುಗಟ್ಟಿದ ಇಲಿಯನ್ನು ಕರಗಿಸಲು ಮೈಕ್ರೋವೇವ್ ಬಳಸಬಾರದು. ಒಳಗೆ ಬೆಂದು ಹೊಟ್ಟೆ ಒಡೆಯುತ್ತದೆ. ಜಿಪ್ ಚೀಲದಲ್ಲಿಟ್ಟು ಬೆಚ್ಚನೆಯ ನೀರಿನಲ್ಲಿ ಮುಳುಗಿಸಬೇಕು. ಅಷ್ಟಕ್ಕೇ ಮುಗಿಯುವುದಿಲ್ಲ. ಹೆಬ್ಬಾವಿನ ತುಟಿಯಂಚಿನ ಸಣ್ಣ ಗುಳಿಗಳು ಬೇಟೆಯ ಮೈಬಿಸಿಯನ್ನು ಗುರುತಿಸುತ್ತವೆ. ತಣ್ಣಗಿರುವುದು ಅದರ ಲೆಕ್ಕಕ್ಕೆ ಊಟವೇ ಅಲ್ಲ. ಅದಕ್ಕಾಗಿ ಕೊನೆಯ ಘಳಿಗೆಯಲ್ಲಿ ಇಲಿಯ ತಲೆಗೆ ಹೇರ್ ಡ್ರೈಯರಿನಿಂದ ಬಿಸಿಗಾಳಿ ಹಿಡಿದು, ಉದ್ದನೆಯ ಇಕ್ಕಳದಲ್ಲಿ ಕಚ್ಚಿಸಿ, ಜೀವವಿದ್ದಂತೆ ಅಲ್ಲಾಡಿಸಿ ಕೊಡುವುದು ರೂಢಿ. ಹೇರ್ ಡ್ರೈಯರ್ ಯಾರದ್ದು ಎಂಬ ಪ್ರಶ್ನೆಗೆ ಪುಸ್ತಕಗಳಲ್ಲಿ ಉತ್ತರವಿಲ್ಲ.

ಹಾವನ್ನು ಕೊಳ್ಳುವುದು ಸಾಮಾನ್ಯವಾಗಿ ಆರ್ಲಿಂಗ್ಟನ್ನಿನಲ್ಲಿ ನಡೆಯುವ ಸರೀಸೃಪ ಮೇಳದಲ್ಲಿ. ಮೇಜುಗಳ ಮೇಲೆ ಪಾಯಸದ ಲೋಟಗಳಂತೆ ಸಾಲಾಗಿ ಜೋಡಿಸಿದ ಪ್ಲಾಸ್ಟಿಕ್ ಡಬ್ಬಿಗಳಲ್ಲಿ ಮರಿಗಳು ಸುರುಳಿ ಸುತ್ತಿಕೊಂಡಿರುತ್ತವೆ. ಬಣ್ಣಕ್ಕೆ ತಕ್ಕ ಹೆಸರು: ಅಲ್ಬಿನೋ, ಗ್ರಾನೈಟ್, ಪಾಸ್ಟೆಲ್, ಬನಾನ. ಬರ್ಮೀಸ್ ಮರಿಯ ಬೆಲೆ ಒಳ್ಳೆಯ ಥರ್ಮೋಸ್ಟಾಟಿನ ಬೆಲೆಗಿಂತ ಕಡಿಮೆ ಇರುವುದುಂಟು, ಆಕಾಂಕ್ಷಿಯನ್ನು ಕೆಡಿಸುವುದೂ ಅದೇ. ನೆಚ್ಚಿದ ಹೆಸರು ಮಾಂಟಿ. ಗಂಡೋ ಹೆಣ್ಣೋ ಪರೀಕ್ಷಿಸುವ ಮೊದಲೇ ನಾಮಕರಣ ಆಗಿರುತ್ತದೆ. ಕೆಲವು ವರ್ಷಗಳ ಬಳಿಕ ಮಾಂಟಿ ಮೊಟ್ಟೆಯಿಟ್ಟಾಗ, ದೊಡ್ಡದಾಗಿ ಬೆಳೆಯುವುದು ಹೆಣ್ಣೇ ಎಂಬ ವಾಕ್ಯ ಆತನಿಗೆ ನೆನಪಾಗುತ್ತದೆ.

ಮನೆಗೆ ಬಂದ ಮರಿ ಮಾಡುವ ಮೊದಲ ಕೆಲಸ ಅಡಗಿಕೊಳ್ಳುವುದು. ವಾರವಿಡೀ ಬಿಟ್ಟುಬಿಡಬೇಕು, ಮುಟ್ಟಬಾರದು ಎಂದು ಎಲ್ಲೆಡೆ ಬರೆದಿದೆ. ಇಷ್ಟೊಂದು ಓದಿದವನಿಗೆ ಸುಮ್ಮನಿರುವುದೊಂದೇ ಕಷ್ಟ. ಉಂಡ ಮೇಲೆ 48 ಗಂಟೆ ಎತ್ತಿಕೊಳ್ಳಬಾರದು. ಎತ್ತಿದರೆ ನುಂಗಿದ್ದನ್ನು ಕಕ್ಕುವುದುಂಟು. ಆ ಎರಡು ದಿನಗಳಲ್ಲಿ ಹಾವಿನೊಳಗೆ ನಡೆಯುವುದು ಮಾತ್ರ ಅದ್ಭುತ: ಕರುಳು, ಯಕೃತ್ತು ಹಿಗ್ಗಿ, ಹೃದಯವೇ ಶೇ 40ರಷ್ಟು ದೊಡ್ಡದಾಗಿ, ಜೀರ್ಣವಾದ ಮೇಲೆ ಮತ್ತೆ ಕುಗ್ಗುತ್ತದೆ. ಆಕಾಂಕ್ಷಿ ಇದನ್ನು ಆಫೀಸಿನವರಿಗೆ ವಿವರಿಸುವುದು ಊಟದ ಹೊತ್ತಿನಲ್ಲಿ. ಪೊರೆ ಬಿಡುವ ಮುನ್ನ ಕಣ್ಣು ನೀಲಿ ಮಬ್ಬಾಗುವುದು, ಚರ್ಮಕ್ಕೆ ಹತ್ತುವ ನುಸಿ, ಮುಟ್ಟಿದಾಗಲೆಲ್ಲ ಸಾಲ್ಮೊನೆಲ್ಲಾ ಭಯಕ್ಕೆ ಸೋಪಿನಲ್ಲಿ ಕೈತೊಳೆಯುವುದು, ಇವೆಲ್ಲ ಮೊದಲ ಆರು ತಿಂಗಳ ಪಾಠ. ಈ ಅವಧಿಯಲ್ಲಿ ಆತ ನಿಜಕ್ಕೂ ಒಳ್ಳೆಯ ಸಾಕುಗಾರ. ಇದನ್ನು ಒಪ್ಪಬೇಕು.

ತೊಡಕು ಶುರುವಾಗುವುದು ಹಾವು ಆರೋಗ್ಯವಾಗಿ ಬೆಳೆದಾಗ. ಚೆನ್ನಾಗಿ ಉಂಡ ಬರ್ಮೀಸ್ ಮೊದಲ ವರ್ಷದಲ್ಲೇ 2 ಮೀಟರ್ ಮುಟ್ಟಬಹುದು. ದಶಾಂಶ ಸಮೇತ ಶಾಖ ಹೊಂದಿಸಿದ್ದ ಪೆಟ್ಟಿಗೆ ಮೂಲೆಗೆ ಬೀಳುತ್ತದೆ. ಬೆಳೆದದ್ದಕ್ಕೆ 8 ಅಡಿ ಉದ್ದ, 4 ಅಡಿ ಅಗಲದ, ಬೀಗವಿರುವ ಪೆಟ್ಟಿಗೆ ಬೇಕು. ಮುಳುಗಿ ಕೂರುವಷ್ಟು ದೊಡ್ಡ ನೀರಿನ ತೊಟ್ಟಿ ಬೇಕು. ಇಷ್ಟು ಜಾಗವಿರುವುದು ಊರಿಂದ ತಂದೆತಾಯಿ ಬಂದರೆ ಉಳಿಯುವ ಕೋಣೆಯಲ್ಲಿ ಮಾತ್ರ. ಆ ಬೇಸಿಗೆಯಿಂದ ಅವರು ಮಗಳ ಮನೆಗೆ ಹೋಗುತ್ತಾರೆ. ಬಾಗಿಲು ತೆರೆದಾಗಲೆಲ್ಲ ಊಟವೇ ಬಂತೆಂದು ಹಾವು ಎರಗದಿರಲು ಮೊದಲು ಕೊಕ್ಕೆಯಿಂದ ಮೈ ಮುಟ್ಟಿ, ಇದು ಊಟದ ಹೊತ್ತಲ್ಲ ಎಂದು ತಿಳಿಸುವ ಅಭ್ಯಾಸ ಮಾಡಿಸಬೇಕು. 3 ಮೀಟರ್ ಮುಟ್ಟಿದ ಹಾವನ್ನು ಒಬ್ಬರೇ ಇರುವಾಗ ಹೊರತೆಗೆಯಲೇಬಾರದು, ಎರಡನೆಯ ಆಳು ಪಕ್ಕದಲ್ಲಿರಲೇಬೇಕು. ಸುತ್ತಿ ಹಿಂಡುವ ಹಾವು ಬೇಟೆಯ ಉಸಿರಿಗಿಂತ ಮೊದಲು ರಕ್ತಸಂಚಾರವನ್ನೇ ತಡೆಯುತ್ತದೆ. ಕೂಗಿ ಕರೆಯಲು ಪುರುಸೊತ್ತು ಸಿಗುವುದಿಲ್ಲ. ಆಕಾಂಕ್ಷಿಯ ಬಳಿ ಮೂರು ಥರ್ಮಾಮೀಟರ್, ಎರಡು ಫ್ರೀಜರ್, ಒಂದು ಯುಪಿಎಸ್ ಇರುತ್ತವೆ. ಎರಡನೆಯ ಆಳು ಇರುವುದಿಲ್ಲ. ಹೆಂಡತಿ ಆ ಕೆಲಸಕ್ಕೆ ಅರ್ಜಿ ಹಾಕಿರುವುದಿಲ್ಲ; ಕುತೂಹಲದಿಂದ ಬರುತ್ತಿದ್ದ ಗೆಳೆಯ ಬೇರೆ ಊರಿಗೆ ವರ್ಗವಾಗಿರುತ್ತಾನೆ.

ಆಯಸ್ಸಿನ ಲೆಕ್ಕವೂ ಹಾಗೆಯೇ. ಬರ್ಮೀಸ್ ಪೈಥಾನ್ 20 ವರ್ಷಕ್ಕೂ ಮೀರಿ ಬದುಕುತ್ತದೆ. ಸೇಂಟ್ ಲೂಯಿಸ್ ಮೃಗಾಲಯದಲ್ಲಿ 60 ದಾಟಿದ ಬಾಲ್ ಪೈಥಾನ್ ಒಂದು, ಹದಿನೈದು ವರ್ಷ ಗಂಡಿನ ಸಹವಾಸವಿಲ್ಲದೆಯೂ 2020ರಲ್ಲಿ ಮೊಟ್ಟೆಯಿಟ್ಟಿತು. ಇಷ್ಟು ವರ್ಷಗಳ ನಡುವೆ ಸಾಕಿದವನಿಗೆ ಮಗುವಾಗುತ್ತದೆ, ಕೆಲಸ ಹೋಗುತ್ತದೆ, ವೀಸಾ ಮುಗಿಯುತ್ತದೆ. ಆಗ ‘ಒಳ್ಳೆಯ ಮನೆ ಬೇಕಾಗಿದೆ’ ಎಂಬ ಪ್ರಕಟಣೆ ಹೊರಡುತ್ತದೆ. ಹಾವನ್ನು ಬಯಸುವ ಒಳ್ಳೆಯ ಮನೆಗಳಲ್ಲೆಲ್ಲ ಆಗಲೇ ಒಂದೊಂದು ಹಾವು ಇರುತ್ತದೆ. ಫ್ಲಾರಿಡಾದಲ್ಲಿ ಇಂಥ ಸಾಕುಹಾವುಗಳು ತಪ್ಪಿಸಿಕೊಂಡೋ ಬಿಟ್ಟವರ ಕೃಪೆಯಿಂದಲೋ ಎವರ್‌ಗ್ಲೇಡ್ಸ್ ಜೌಗಿನಲ್ಲಿ ಸಂಸಾರ ಹೂಡಿ, ಅಲ್ಲಿನ ಮೊಲ, ರಕೂನ್‌ಗಳನ್ನು ಬಹುಪಾಲು ತಿಂದು ಮುಗಿಸಿವೆ. ಈ ಹಾವುಗಳನ್ನು ಹಿಡಿಯಲು 2017ರಲ್ಲಿ ತಮಿಳುನಾಡಿನಿಂದ ಹಾವು ಹಿಡಿಯುವ ಇರುಳ ಬುಡಕಟ್ಟಿನ ಇಬ್ಬರನ್ನು ಕರೆಸಬೇಕಾಯಿತು. ಬೇಡವಾದ ಪ್ರಾಣಿಯನ್ನು ದಂಡವಿಲ್ಲದೆ ಒಪ್ಪಿಸುವ ವ್ಯವಸ್ಥೆಯನ್ನು ಆ ರಾಜ್ಯ 2006ರಿಂದ ನಡೆಸುತ್ತಿದೆ.

ಕರ್ನಾಟಕದಲ್ಲಿ ಈ ಸಿದ್ಧತೆಗಳಿಗೆ ಅವಕಾಶ ಕಡಿಮೆ. ಇಲ್ಲಿನ ಹೆಬ್ಬಾವು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪರಿಶಿಷ್ಟದಲ್ಲಿದೆ. ಹಿಡಿದರೂ ಸಾಕಿದರೂ ಮೂರರಿಂದ ಏಳು ವರ್ಷ ಜೈಲು. ಹೊರದೇಶದ ಜಾತಿಗಳನ್ನು ಇಟ್ಟುಕೊಂಡವರು 2024ರ ನಿಯಮಗಳಂತೆ ಕೇಂದ್ರ ಸರ್ಕಾರದ ಪರಿವೇಶ್ ಪೋರ್ಟಲಿನಲ್ಲಿ ನೋಂದಾಯಿಸಬೇಕು. ಬ್ಯಾಂಕಾಕಿನಿಂದ ಸೂಟ್‌ಕೇಸಿನಲ್ಲಿ ತಂದ ಬಾಲ್ ಪೈಥಾನ್‌ಗಳು ಬೆಂಗಳೂರು ವಿಮಾನ ನಿಲ್ದಾಣದಲ್ಲಿ ಸಿಕ್ಕಿಬಿದ್ದದ್ದು ಒಂದೆರಡು ಸಲವಲ್ಲ. ಹಿತ್ತಲಿಗೆ ಹೆಬ್ಬಾವೇ ತಾನಾಗಿ ಬಂದರೆ ದೂರ ನಿಂತು ಅರಣ್ಯ ಇಲಾಖೆಗೆ ಫೋನ್ ಮಾಡಿ. ಅದಕ್ಕೆ ಥರ್ಮಾಮೀಟರ್ ಬೇಕಿಲ್ಲ.