ಆಸನ ಮೀಮಾಂಸೆ: ಹಿಮಾಲಯನ್ 450ರ ಮೋಡುಗಳನ್ನು ಕುರಿತ ಮಾಲೀಕಮತಗಳ ತಾತ್ತ್ವಿಕ ವಿಮರ್ಶೆ

2023ರ ನವೆಂಬರಿನಲ್ಲಿ ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 450 ಬೀದಿಗಿಳಿದ ಮೇಲೆ ಕನ್ನಡನಾಡಿನ ದರ್ಶನಶಾಸ್ತ್ರಕ್ಕೆ ಮತ್ತೆ ಜೀವ ಬಂದಿದೆ. ನಮ್ಮ ವಿಶ್ವವಿದ್ಯಾಲಯಗಳು ಇದನ್ನು ಇನ್ನೂ ಗಮನಿಸಿದಂತಿಲ್ಲ, ಖೇದಕರ. 452 ಸಿಸಿ ಎಂಜಿನ್, 40 ಪಿಎಸ್ ಶಕ್ತಿ, 196 ಕಿಲೋ ತೂಕ, 17 ಲೀಟರಿನ ಟ್ಯಾಂಕು, ಇವುಗಳ ಬಗ್ಗೆ ಯಾರಿಗೂ ತಕರಾರಿಲ್ಲ. ತಕರಾರೆಲ್ಲ ಮೋಡುಗಳದು. ಇರುವುದು ಎರಡೇ: ಇಕೋ ಮತ್ತು ಪರ್ಫಾರ್ಮೆನ್ಸ್. ಎರಡರಲ್ಲೂ ಹಿಂದಿನ ಚಕ್ರದ ಎಬಿಎಸ್ಸನ್ನು ಬೇಕಾದರೆ ಆಫ್ ಮಾಡಿಕೊಳ್ಳಬಹುದು. ಇಷ್ಟೇ ಬಂಡವಾಳದ ಮೇಲೆ ಮಾಲೀಕರು ಕೊಟ್ಟಿಗೆಹಾರದಲ್ಲಿ ಒಂದು ಟೀ ಮುಗಿಯುವಷ್ಟರಲ್ಲಿ ಖಂಡನೆ, ಮಂಡನೆ, ಪ್ರತಿಖಂಡನೆ ಮೂರನ್ನೂ ಮುಗಿಸುತ್ತಾರೆ. ಮುಗಿಸಿ, ಚಾರ್ಮಾಡಿ ಇಳಿದು, ಉಜಿರೆಯಲ್ಲಿ ಮೊದಲಿನಿಂದ ಶುರುಮಾಡುತ್ತಾರೆ.

ಶಾಸ್ತ್ರವೆಂದ ಮೇಲೆ ಮೊದಲು ಪ್ರಮಾಣ ನಿಷ್ಕರ್ಷೆಯಾಗಬೇಕು. ಮಧ್ವಮತದಂತೆ ಇಲ್ಲಿಯೂ ಪ್ರತ್ಯಕ್ಷ, ಅನುಮಾನ, ಆಗಮ ಎಂದು ಪ್ರಮಾಣಗಳು ಮೂರು. ಪ್ರತ್ಯಕ್ಷವೆಂದರೆ ಸೊಂಟ. ಅನುಮಾನ ಹಿಂದೆ ಕೂತವರಿಗೆ ಸಂಬಂಧಿಸಿದ್ದು: ಎಲ್ಲಿ ಹೊಗೆಯೋ ಅಲ್ಲಿ ಬೆಂಕಿ ಎಂಬ ನ್ಯಾಯದಲ್ಲಿ, ಹಾಸನ ದಾಟಿದ ಮೇಲೂ ಹಿಂದಿನಿಂದ ಮಾತಿಲ್ಲವೆಂದರೆ ಸಿಟ್ಟು ಇದೆಯೆಂದು ತಿಳಿಯತಕ್ಕದ್ದು. ಆಗಮವೆಂದರೆ ಮಾಲೀಕರ ಕೈಪಿಡಿ. ಶೋರೂಮಿನವರು ಕೊಟ್ಟ ಪ್ಲಾಸ್ಟಿಕ್ ಕವರಿನಿಂದ ಅದು ಹೊರಬಂದ ದಾಖಲೆಯಿಲ್ಲ. ಬರೆದವರು ಯಾರೆಂದು ಯಾರಿಗೂ ಗೊತ್ತಿಲ್ಲವಾದ್ದರಿಂದ ಅದನ್ನು ಅಪೌರುಷೇಯವೆಂದೇ ಒಪ್ಪಬೇಕಾಗಿದೆ.

ಇನ್ನು ಮೋಡಿನ ಸ್ವರೂಪ. ಹಳೆಯ ಗಾಡಿಗಳಲ್ಲಿ ಥ್ರಾಟಲಿಗೂ ಎಂಜಿನ್ನಿಗೂ ನಡುವೆ ಒಂದು ಕೇಬಲ್ ಇರುತ್ತಿತ್ತು. ತಿರುಗಿಸಿದಷ್ಟು ಬಾಗಿಲು ತೆರೆಯುತ್ತಿತ್ತು, ಮಾತು ಮುಗಿಯಿತು. ಈ ಗಾಡಿಯಲ್ಲಿ ರೈಡ್ ಬೈ ವೈರ್. ಮಣಿಕಟ್ಟು ತಿರುಗಿದ್ದನ್ನು ಸೆನ್ಸರ್ ಅಳೆದು ಇಸಿಯು ಎಂಬ ಕಂಪ್ಯೂಟರಿಗೆ ವರದಿ ಮಾಡುತ್ತದೆ. ಇಸಿಯು ಯೋಚಿಸಿ, ಪುಟ್ಟ ಮೋಟಾರಿಗೆ ಹೇಳಿ ಥ್ರಾಟಲ್ ಬಾಡಿಯ ಕವಾಟವನ್ನು ತೆರೆಸುತ್ತದೆ. ಅಂದರೆ ಸವಾರನೀಗ ಅರ್ಜಿದಾರ, ಇಸಿಯು ತಾಲ್ಲೂಕು ಕಚೇರಿಯ ಗುಮಾಸ್ತ. ಪರ್ಫಾರ್ಮೆನ್ಸ್ ಮೋಡಿನಲ್ಲಿ ಸಾಹೇಬರು ಪಕ್ಕದಲ್ಲೇ ನಿಂತಿರುವುದರಿಂದ ಅರ್ಜಿ ಕೂಡಲೇ ಮಂಜೂರು. ಇಕೋ ಮೋಡಿನಲ್ಲಿಯೂ ಮಂಜೂರಾಗುತ್ತದೆ, ಗುಮಾಸ್ತ ಕಾಫಿ ಮುಗಿಸಿ ಬಂದ ಮೇಲೆ.

ಈ ಕಾಫಿಯ ವಿರಾಮವೇ ಪಂಥಭೇದಕ್ಕೆ ಮೂಲ. ಇಕೋಪಂಥದವರು ಸಾತ್ವಿಕರು. ಪೆಟ್ರೋಲ್ ಬಂಕಿನಲ್ಲಿ ಟ್ಯಾಂಕ್ ಫುಲ್ ಮಾಡಿಸಿ, ಮೊಬೈಲಿನಲ್ಲಿ ಲೆಕ್ಕ ಹಾಕಿ, ಬಂದ ಮೈಲೇಜನ್ನು ಅಪರಿಚಿತರಿಗೂ ತಿಳಿಸುವುದು ಅವರ ನಿತ್ಯಕರ್ಮ. ಪರ್ಫಾರ್ಮೆನ್ಸ್‌ಪಂಥದವರು ರಾಜಸರು. ಇವರಲ್ಲಿ ಬೆಂಗಳೂರಿನವರ ಸ್ಥಿತಿ ಕರುಣಾಜನಕ. 2023ರ ಆಗಸ್ಟ್ 1ರಿಂದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಯಲ್ಲಿ ದ್ವಿಚಕ್ರ ವಾಹನಗಳಿಗೆ ಪ್ರವೇಶವಿಲ್ಲ. ಹಾಗಾಗಿ ಇವರು ಪರ್ಫಾರ್ಮೆನ್ಸ್ ಮೋಡನ್ನು ಸರ್ವಿಸ್ ರಸ್ತೆಯಲ್ಲೇ ಆಚರಿಸಬೇಕು: ಒಂದು ಹಂಪ್ಸಿನಿಂದ ಇನ್ನೊಂದಕ್ಕೆ ಹಾರಿ ಬಂದು ಬ್ರೇಕ್ ಹಿಡಿಯುವುದು, ಬಿಡದಿಯಲ್ಲಿ ತಟ್ಟೆ ಇಡ್ಲಿ ತಿಂದು ಅದೇ ವ್ರತವನ್ನು ಮುಂದುವರಿಸುವುದು.

ಮೂರನೆಯವರು ಮಾಯಾವಾದಿಗಳು. ಇವರ ಮತದಲ್ಲಿ ಮೋಡು ಮಿಥ್ಯೆ, ಮಣಿಕಟ್ಟೊಂದೇ ಸತ್ಯ. ವಿಚಾರಿಸಿದರೆ ಇವರಲ್ಲಿ ಹೆಚ್ಚಿನವರು 2016ರಲ್ಲಿ ಬಂದ ಹಳೆಯ 411 ಸಿಸಿ ಹಿಮಾಲಯನ್ ಓಡಿಸಿ ಬಂದವರು. ಅದರಲ್ಲಿ ಮೋಡುಗಳೇ ಇರಲಿಲ್ಲ. ತಮ್ಮ ಬಳಿ ಇಲ್ಲದ್ದನ್ನು ಮಿಥ್ಯೆ ಎನ್ನುವುದು ಸುಲಭ ಎಂದು ಪೂರ್ವಪಕ್ಷದವರು ಆಡಿಕೊಳ್ಳುವುದುಂಟು. ಆದರೂ ಈ ಪ್ರಬಂಧಕಾರನ ಒಲವು ಅವರ ಕಡೆಗೇ, ಟೀಗೆ ದುಡ್ಡು ಕೊಡುವವರು ಸಾಮಾನ್ಯವಾಗಿ ಅವರೇ ಆದ್ದರಿಂದ. ಹಿಂದಿನ ಎಬಿಎಸ್ ಆಫ್ ಮಾಡಿಕೊಂಡು ಓಡಾಡುವ ನಾಲ್ಕನೆಯ ಪಂಥವೊಂದಿದೆ. ಅದು ಜಲ್ಲಿ, ಕೆಸರಿನ ದಾರಿಗೆಂದು ಕೊಟ್ಟ ಸೌಲಭ್ಯ. ಈ ಪಂಥದವರು ಅದನ್ನು ಜಯನಗರದಲ್ಲಿ ಬಳಸುತ್ತಾರೆ.

ಈಗ ಪ್ರಬಂಧದ ಹೃದಯಭಾಗ, ಅಂದರೆ ಸೀಟು. ಇಕೋ ಮೋಡಿನಲ್ಲಿ ಸೀಟು ಮೆತ್ತಗಾಗುತ್ತದೆ ಎಂಬ ಮತವೊಂದು ಚಲಾವಣೆಯಲ್ಲಿದೆ. ಇದು ವಸ್ತುತಃ ಅಸಂಬದ್ಧ. ಡುಕಾಟಿ ಮಲ್ಟಿಸ್ಟ್ರಾಡಾ ವಿ4 ಎಸ್‌ನಂಥ ಶ್ರೀಮಂತ ಗಾಡಿಗಳಲ್ಲಿ ಮೋಡು ಬದಲಿಸಿದರೆ ಸಸ್ಪೆನ್ಷನ್ನಿನ ನಡತೆಯೂ ಬದಲಾಗುತ್ತದೆ, ಒಪ್ಪಿದೆ. ಹಿಮಾಲಯನ್‌ನಲ್ಲಿ ಹಾಗಿಲ್ಲ. ಮುಂದೆ ಹಿಂದೆ ತಲಾ 200 ಮಿಲಿಮೀಟರ್ ಕುಗ್ಗುವ ಸಸ್ಪೆನ್ಷನ್ ಇದೆ; ಹಿಂದಿನದರ ಪ್ರಿಲೋಡ್ ಬದಲಿಸಲು ಕೈಯಲ್ಲಿ ಪಾನ ಹಿಡಿಯಬೇಕೇ ಹೊರತು ಗುಂಡಿ ಒತ್ತಿದರಾಗದು. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಪ್ರಕಾರ ರಸ್ತೆಯುಬ್ಬಿನ ಎತ್ತರ 10 ಸೆಂಟಿಮೀಟರ್, ಅಗಲ 3.7 ಮೀಟರ್ ಇರಬೇಕು. ಊರವರೇ ಸೇರಿ ರಾತ್ರೋರಾತ್ರಿ ಹಾಕಿಸಿದ ಹಂಪ್ಸಿಗೆ ಈ ಶ್ರುತಿವಾಕ್ಯ ಅನ್ವಯಿಸುವುದಿಲ್ಲ. ಅದರ ಮೇಲೆ ಇಕೋದಲ್ಲಿ ಹೋದರೂ ಪರ್ಫಾರ್ಮೆನ್ಸಿನಲ್ಲಿ ಹೋದರೂ ಸೊಂಟಕ್ಕೆ ಬೀಳುವ ಏಟು ಒಂದೇ.

ಹಾಗಾದರೆ ಮತ ಹುಟ್ಟಿದ್ದಾದರೂ ಎಲ್ಲಿಂದ? ಕ್ಷೇತ್ರಕಾರ್ಯದ ಒಂದು ತುಣುಕನ್ನು ಇಲ್ಲಿ ಕೊಡಬಹುದು. ಚಾರ್ಮಾಡಿಯ ಇಳಿಜಾರು, ಎರಡನೇ ಗೇರು, ತಿರುವಿನಲ್ಲಿ ಎದುರಿಗೆ ಬಸ್ಸು. ಸವಾರ ಥ್ರಾಟಲ್ ಬಿಟ್ಟ. ಗಾಡಿ ತಡೆಯಿತು, ಹಿಂದಿನ ಹೆಲ್ಮೆಟ್ ಬಂದು ಮುಂದಿನ ಹೆಲ್ಮೆಟ್ಟಿಗೆ ಟಕ್ಕೆಂದಿತು.

“ರೀ, ಈಗ ಯಾವ ಮೋಡು?”

“ಪರ್ಫಾರ್ಮೆನ್ಸ್.”

“ಇನ್ನೊಂದು ಇದೆಯಲ್ಲ, ಅದಕ್ಕೆ ಹಾಕಿ. ಅದರಲ್ಲಿ ಕಮ್ಮಿ ಕುಟ್ಟುತ್ತೆ.”

ಶಾಸ್ತ್ರಲೋಕ ಬೆಚ್ಚಿಬೀಳಬೇಕಾದ ಮಾತಿದು. ಥ್ರಾಟಲ್ ಚುರುಕಾದಷ್ಟೂ ಜಗ್ಗಾಟ ಹೆಚ್ಚು, ಜಗ್ಗಾಟ ಹೆಚ್ಚಿದಷ್ಟೂ ಹೆಲ್ಮೆಟ್ಟುಗಳ ಸಮಾಗಮ ಹೆಚ್ಚು. ಇಕೋದಲ್ಲಿ ಮೆತ್ತಗಾಗುವುದು ಸೀಟಲ್ಲ, ಪ್ರಯಾಣ. ಬ್ರೋಶರ್, ಆಗಮ, ಮಾಲೀಕಮತ ಯಾವುದರಲ್ಲೂ ಸಿಗದ ಈ ಸತ್ಯವನ್ನು ಕಂಡುಕೊಂಡವರು ಗಾಡಿಯ ಗುಂಡಿಯನ್ನೇ ಮುಟ್ಟದ ವ್ಯಕ್ತಿ. ಮಾಲೀಕರ ಅಭಿಪ್ರಾಯಗಳನ್ನೇ ಸಂಗ್ರಹಿಸಲು ಹೊರಟ ಈ ಪ್ರಬಂಧದ ವ್ಯಾಪ್ತಿಗೆ ಹಿಂಬದಿಯವರು ಬರುವುದಿಲ್ಲವೆಂಬುದು ವಿಧಾನಶಾಸ್ತ್ರದ ದುರಂತ.

ಇಲ್ಲಿ ಮಧ್ವಮತದ ಪಂಚಭೇದವನ್ನು ಸ್ಮರಿಸದೆ ವಿಧಿಯಿಲ್ಲ. ಸವಾರನಿಗೂ ಸೀಟಿಗೂ ಭೇದ, ಹಿಂಬದಿಯವರಿಗೂ ಸೀಟಿಗೂ ಭೇದ, ಸೀಟಿಗೂ ಸೀಟಿಗೂ ಭೇದ (ಮುಂದಿನದನ್ನು 825ರಿಂದ 845 ಮಿಲಿಮೀಟರಿಗೆ ಏರಿಸಬಹುದು, ಹಿಂದಿನದನ್ನು ಯಾರೂ ಕೇಳುವುದಿಲ್ಲ), ಸವಾರನಿಗೂ ಹಿಂಬದಿಯವರಿಗೂ ಭೇದ. ಐದನೆಯದು ಹಿಂಬದಿಯವರಿಗೂ ಹಿಂಬದಿಯವರಿಗೂ ಇರುವ ಭೇದ. ಗೆಳೆಯ ಕೂತಾಗ “ಸೂಪರ್ ಕಂಫರ್ಟು ಮಗಾ” ಎನಿಸಿಕೊಂಡ ಅದೇ ಜಾಗ ಅಮ್ಮ ಕೂತಾಗ “ಇದೇನೋ ಇದು, ಅಟ್ಟಕ್ಕೆ ಹತ್ತಿಸಿದ ಹಾಗೆ!” ಎನಿಸಿಕೊಳ್ಳುತ್ತದೆ. ಭೇದಗಳು ಐದೂ ನಿತ್ಯ, ಐದೂ ಸತ್ಯ. ಜೆಲ್ ಪ್ಯಾಡಿನಿಂದ, ಗಾಳಿ ತುಂಬುವ ಸೀಟ್ ಕವರಿನಿಂದ ಅವು ಅಳಿಯುವುದಿಲ್ಲ.

ಕೊನೆಯದಾಗಿ ಕಂತುಸಿದ್ಧಾಂತ. ಈ ಪ್ರಬಂಧದ ಸ್ವಂತ ಕೊಡುಗೆಯೆಂದರೆ ಇದೇ. ಸೀಟಿನ ಕುರಿತ ಮಾಲೀಕನ ಅಭಿಪ್ರಾಯಕ್ಕೂ ಸೀಟಿಗೂ ಯಾವ ಸಂಬಂಧವೂ ಇಲ್ಲ. ಸಂಬಂಧವಿರುವುದು ಬಾಕಿ ಇರುವ ಇಎಂಐಗೆ. ಕಂತು ಹೊಸದಿರುವಾಗ ಸೀಟು ಹಂಸತೂಲಿಕಾತಲ್ಪ. ಅರ್ಧ ತೀರಿದಾಗ “ಇನ್ನೂರು ಕಿಲೋಮೀಟರಿನ ತನಕ ಏನೂ ಗೊತ್ತಾಗಲ್ಲ”. ಕಡೆಯ ಕಂತು ಕಟ್ಟಿದ ದಿನ ಸಂಜೆಯೇ ಮಾಲೀಕ ಸೊಂಟ ಹಿಡಿದುಕೊಂಡು ದರ್ಜಿಯಲ್ಲಿಗೆ ಹೋಗಿ ಫೋಮ್ ಬದಲಿಸಲು ರೇಟು ಕೇಳುತ್ತಾನೆ. ಸಾಲವಿಲ್ಲದೆ ನಗದಾಗಿ ಕೊಂಡವರ ಅಭಿಪ್ರಾಯವನ್ನು ದಾಖಲಿಸಲು ಪ್ರಯತ್ನಿಸಲಾಯಿತಾದರೂ ಅಂಥವರು ಸಿಗಲಿಲ್ಲ.

ಈ ಸಿದ್ಧಾಂತಕ್ಕೆ ಒಂದು ಉಪಪ್ರಮೇಯವೂ ಉಂಟು, ಪಂಥಸಮನ್ವಯಕ್ಕೆ ಸಂಬಂಧಿಸಿದ್ದು. ಸಾತ್ವಿಕ, ರಾಜಸ, ಮಾಯಾವಾದಿ ಎನ್ನದೆ ಸಕಲ ಮಾಲೀಕರೂ ಒಂದೇ ಮತಕ್ಕೆ ಬಂದು ಸೇರುವ ಗಳಿಗೆಯೊಂದಿದೆ: ಗಾಡಿ ಮಾರಾಟಕ್ಕಿಟ್ಟ ಗಳಿಗೆ. ನಾಲ್ಕೂ ಪಂಥದವರ ಜಾಹೀರಾತು ಅಕ್ಷರಶಃ ಒಂದೇ ಪಾಠ, ಪಾಠಾಂತರವಿಲ್ಲ. “ಸಿಂಗಲ್ ಓನರ್. ಇಕೋ ಮೋಡಿನಲ್ಲೇ ಓಡಿಸಿದ್ದು. ಹಿಂದಿನ ಸೀಟು ಬಳಸಿಲ್ಲ.”