ಟ್ರಸ್ಟ್ ರಾಯರು

ಕ್ಯಾಲಿಫೋರ್ನಿಯಾದಲ್ಲಿ ಫ್ರೀಮಾಂಟಿನಿಂದ ಕುಪರ್ಟಿನೋವರೆಗೆ ಯಾವ ಯುಗಾದಿ ಪಾಟ್‌ಲಕ್ಕಿಗೆ ಹೋದರೂ ಒಬ್ಬ ಟ್ರಸ್ಟ್ ರಾಯರು ಇದ್ದೇ ಇರುತ್ತಾರೆ. ಬಿಸಿಬೇಳೆಬಾತಿನ ಟ್ರೇ ಪಕ್ಕವೇ ಅವರ ಜಾಗ. ತಟ್ಟೆ ಹಿಡಿದು ಬಂದವರು ಅಲ್ಲಿ ತಪ್ಪಿಸಿಕೊಳ್ಳಲಾರರು. ಹಿಂದೆ ಇದೇ ರಾಯರು "ಗ್ರೀನ್ ಕಾರ್ಡ್ ಬಂತಾ?" ಎನ್ನುತ್ತಿದ್ದರು. ಆಮೇಲೆ "ಮಗಳಿಗೆ ಯಾವ ಕಾಲೇಜು ಸಿಕ್ತು?" ಎಂದಾಯಿತು. ಈಗ, "ನಿಮ್ಮದು ಲಿವಿಂಗ್ ಟ್ರಸ್ಟ್ ಆಯ್ತಾ?" ಇಲ್ಲ ಎಂದರೆ, ಮುಂಜಿಯಾಗದೆ ಹಸೆಮಣೆ ಏರಲು ಬಂದ ವರನನ್ನು ನೋಡುವಂತೆ ನೋಡುತ್ತಾರೆ.

ರಾಯರ ಮನೆಗೆ ಹೋದರೆ ಟ್ರಸ್ಟ್ ಪತ್ರಗಳ ಬೈಂಡರ್ ದರ್ಶನ ಕಡ್ಡಾಯ. ದಪ್ಪ ರಟ್ಟು, ಬಂಗಾರದ ಅಕ್ಷರ, ಒಳಗೆ ಬಣ್ಣಬಣ್ಣದ ಟ್ಯಾಬುಗಳು. ಇರುವುದು ದೇವರ ಕೋಣೆಯಲ್ಲಿ, ಪಂಚಾಂಗದ ಕೆಳಗೆ. ಆಯುಧಪೂಜೆಯಲ್ಲಿ ಬಿದ್ದ ಕುಂಕುಮ ಇನ್ನೂ ಮೂಲೆಯಲ್ಲಿದೆ. ಕಾಫಿ ಬರುವಷ್ಟರಲ್ಲಿ ರಾಯರು ಮೊದಲ ಪುಟ ತೆರೆದು ಬೆರಳಿಟ್ಟು ತೋರಿಸುತ್ತಾರೆ: ಆಸ್ತಿ ಒಪ್ಪಿಸುವ ಗ್ರ್ಯಾಂಟರ್, ರಾಯರ ಹೆಸರು, ನೋಡಿಕೊಳ್ಳುವ ಟ್ರಸ್ಟಿ, ರಾಯರ ಹೆಸರು, ಅನುಭವಿಸುವ ಬೆನಿಫಿಶಿಯರಿ, ಮತ್ತೆ ರಾಯರ ಹೆಸರು. ಮೂರು ಕಡೆಯೂ ಜೊತೆಗೆ ಮನೆಯವರ ಹೆಸರು.

"ಈಗ ಕಾನೂನಿನ ಕಣ್ಣಲ್ಲಿ ನಾನೇ ಬೇರೆ, ನನ್ನ ಆಸ್ತಿಯೇ ಬೇರೆ," ಎಂದು ರಾಯರು ಬೆನ್ನು ನೆಟ್ಟಗೆ ಮಾಡುತ್ತಾರೆ.

"ರೀ, ಕೊಟ್ಟೋರೂ ನಾವೇ, ಇಸ್ಕೊಂಡೋರೂ ನಾವೇ, ತಿನ್ನೋರೂ ನಾವೇ. ಬೇಡ ಅನ್ನಿಸಿದ್ರೆ ನಾಳೆ ಹರಿದು ಹಾಕೋರೂ ನಾವೇ. ಇದರಲ್ಲಿ ಬೇರೆ ಎಲ್ಲಿ ಬಂತು?" ಎಂದು ಅಡುಗೆಮನೆಯಿಂದ ಧ್ವನಿ ಬರುತ್ತದೆ. ಅಮೆರಿಕದ ತೆರಿಗೆ ಸಂಹಿತೆಯ 676ನೇ ಸೆಕ್ಷನ್ ಹೇಳುವುದೂ ಹೆಚ್ಚುಕಡಿಮೆ ಇದನ್ನೇ. ರದ್ದು ಮಾಡುವ ಅಧಿಕಾರವನ್ನು ಕೈಯಲ್ಲೇ ಇಟ್ಟುಕೊಂಡವನು ಆ ಆಸ್ತಿಯ ಆದಾಯಕ್ಕೆ ತಾನೇ ತೆರಿಗೆ ಕಟ್ಟಬೇಕು.

ಇದು ರಾಯರಿಗೆ ಮನವರಿಕೆಯಾಗುವುದು ತೆರಿಗೆ ರಿಟರ್ನಿನ ಗಡುವು, ಏಪ್ರಿಲ್ 15, ಹತ್ತಿರ ಬಂದಾಗ. ಬ್ಯಾಂಕಿನಿಂದ ಬಡ್ಡಿಯ 1099 ಕಾಗದ ಬಂದಿರುತ್ತದೆ, ಮೇಲೆ ಟ್ರಸ್ಟಿನ ಹೆಸರು. ರಾಯರು ಅದನ್ನು ಬೇರೆ ಲಕೋಟೆಗೆ ಹಾಕಿ, "ಇದು ನನ್ನದಲ್ಲ, ಟ್ರಸ್ಟಿನದು, ಇದಕ್ಕೆ ಬೇರೆ ರಿಟರ್ನ್ ಹಾಕಪ್ಪಾ," ಎಂದು ಆಡಿಟರ್ ಹುಡುಗನ ಮುಂದೆ ಇಡುತ್ತಾರೆ.

"ಅಂಕಲ್, ಇದರಲ್ಲಿರೋ ಸೋಷಿಯಲ್ ಸೆಕ್ಯುರಿಟಿ ನಂಬರ್ ಯಾರದು?"

"ನನ್ನದೇ."

"ಹಾಗಿದ್ರೆ ಬಡ್ಡಿಯೂ ನಿಮ್ಮದೇ."

ಬಡ್ಡಿ, ಡಿವಿಡೆಂಡ್ ಶೆಡ್ಯೂಲ್ ಬಿಗೆ, ಷೇರು ಮಾರಿದ ಲಾಭ ಶೆಡ್ಯೂಲ್ ಡಿಗೆ, ಬಾಡಿಗೆ ಶೆಡ್ಯೂಲ್ ಇಗೆ. ಎಲ್ಲವೂ ಸೇರುವುದು ರಾಯರ ಹಳೆಯ ಫಾರ್ಮ್ 1040ಕ್ಕೇ. ಜಯನಗರದ ಮನೆಯ ಬಾಡಿಗೆಯೂ ಅಲ್ಲಿಗೇ, ಟ್ರಸ್ಟ್ ಇರಲಿ ಬಿಡಲಿ. ಭಾರತದಲ್ಲಿ ಕಟ್ಟಿದ ತೆರಿಗೆಗೆ ಫಾರ್ಮ್ 1116ರಲ್ಲಿ ಕ್ರೆಡಿಟ್ ಕೇಳಬಹುದು, ಅಷ್ಟೇ. ರಾಯರ ಮುಖ ಬಾಡುತ್ತದೆ. ಇಷ್ಟು ದುಡ್ಡು ಸುರಿದು ಟ್ರಸ್ಟ್ ಮಾಡಿಸಿ ಅದರ ಹೆಸರಲ್ಲೊಂದು ರಿಟರ್ನ್ ಕೂಡ ಇಲ್ಲವೆಂದರೆ?

"ಟ್ರಸ್ಟಿನ ರಿಟರ್ನ್ ಅಂತ 1041 ಇದೆ ಅಂಕಲ್. ಆಗ ಟ್ರಸ್ಟಿಗೆ ಬೇರೆ ನಂಬರೂ ಬರತ್ತೆ. ಆದ್ರೆ ಅದನ್ನ ನೋಡೋಕೆ ನೀವಿಬ್ರೂ ಇರಲ್ಲ."

ರಾಯರು ಕೆಮ್ಮುತ್ತಾರೆ. ಹುಡುಗ ಮುಂದುವರಿಸುತ್ತಾನೆ. ಬೇರೆ ವ್ಯಕ್ತಿಯೆಂದು ಲೆಕ್ಕಕ್ಕೆ ಬರುವ ಟ್ರಸ್ಟು ಹಂಚದೆ ಉಳಿಸಿಕೊಂಡ ಆದಾಯಕ್ಕೆ, 2025ರ ಲೆಕ್ಕದಲ್ಲಿ, 15,650 ಡಾಲರ್ ದಾಟಿದೊಡನೆ ಶೇ. 37 ತೆರಿಗೆ. ಜಂಟಿ ರಿಟರ್ನ್ ಹಾಕುವ ಗಂಡಹೆಂಡಿರು ಆ ದರ ಮುಟ್ಟಬೇಕಾದರೆ 7,51,600 ಡಾಲರ್ ದಾಟಬೇಕು.

"ಹಾಗಾದ್ರೆ ನಾನು ನಾನೇ ಬಿಡಪ್ಪಾ!" ಎಂದು ರಾಯರು ಲಕೋಟೆ ವಾಪಸ್ ಎಳೆದುಕೊಳ್ಳುತ್ತಾರೆ.

ಹಾಗೆಂದು ಬೈಂಡರ್ ದಂಡವಲ್ಲ. ಟ್ರಸ್ಟ್ ಉಳಿಸುವುದು ತೆರಿಗೆಯನ್ನಲ್ಲ, ಪ್ರೊಬೇಟ್ ಎಂಬ ಕೋರ್ಟ್ ಅಲೆದಾಟವನ್ನು. ಕ್ಯಾಲಿಫೋರ್ನಿಯಾದಲ್ಲಿ ಹತ್ತು ಲಕ್ಷ ಡಾಲರ್ ಮನೆ ಪ್ರೊಬೇಟಿಗೆ ಹೋದರೆ, ಕಾನೂನೇ ಗೊತ್ತುಮಾಡಿದ ವಕೀಲರ ಫೀಸು 23,000 ಡಾಲರ್. ಆಸ್ತಿ ವಿಲೇವಾರಿ ಮಾಡುವವರಿಗೂ ಅಷ್ಟೇ ಸಲ್ಲುತ್ತದೆ. ಸಾಲ ಎಷ್ಟೇ ಬಾಕಿ ಇರಲಿ, ಲೆಕ್ಕ ಮನೆಯ ಪೂರ್ತಿ ಬೆಲೆಯ ಮೇಲೆ. ಇದನ್ನು ರಾಯರು ಬಾಯಿಪಾಠ ಒಪ್ಪಿಸಬಲ್ಲರು.

ಎದ್ದು ಹೊರಡುವಾಗ ಹುಡುಗ ಕೊನೆಯದಾಗಿ ಕೇಳುತ್ತಾನೆ: "ಮನೆಯ ಡೀಡ್ ಟ್ರಸ್ಟಿನ ಹೆಸರಿಗೆ ಆಗಿದೆ ತಾನೆ, ಅಂಕಲ್?"

ರಾಯರು ಮನೆಯವರ ಕಡೆ ನೋಡುತ್ತಾರೆ. ಮನೆಯವರು ಬೈಂಡರ್ ಕಡೆ ನೋಡುತ್ತಾರೆ. ಡೀಡಿನ ಟ್ಯಾಬಿನ ಹಿಂದೆ ಒಂದು ಕಾಗದ ಇದೆ. ಅದಕ್ಕೆ ಸಹಿಯಿಲ್ಲ. ಟ್ರಸ್ಟಿಗೆ ಸೇರಿರುವುದು ಆ ಒಂದು ಬ್ಯಾಂಕ್ ಖಾತೆ ಮಾತ್ರ. ಇಡೀ ಬೇ ಏರಿಯಾಕ್ಕೆ ಟ್ರಸ್ಟ್ ಮಾಡಿಸಿದ ರಾಯರ ಸ್ವಂತ ಮನೆ ಇನ್ನೂ ಅವರಿಬ್ಬರ ಹೆಸರಲ್ಲೇ ಇದೆ.

ಇಂಥ ಟ್ರಸ್ಟ್ ಮಾಡಿಸಿದ ಓದುಗರೇ, ನೀವಿರುವ ತನಕ ಅದರ ಆದಾಯ ನಿಮ್ಮ ರಿಟರ್ನಿನಲ್ಲೇ ಬರುತ್ತದೆ, ಅದರ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಬೈಂಡರಿಗೆ ಪೂಜೆ ಮಾಡುವ ಮೊದಲು ಕೌಂಟಿ ರೆಕಾರ್ಡರ್ ಕಚೇರಿಯಲ್ಲಿ ನಿಮ್ಮ ಮನೆ ಯಾರ ಹೆಸರಲ್ಲಿದೆ ಎಂದು ಒಮ್ಮೆ ನೋಡಿಬಿಡಿ.