ಹೇಗಿದೆ ಮಾವ

ಬಸವನಗುಡಿಯಲ್ಲಿ ಒಬ್ಬರು, ಮೈಸೂರಿನ ಸರಸ್ವತಿಪುರಂನಲ್ಲಿ ಒಬ್ಬರು, ಧಾರವಾಡದ ಮಾಳಮಡ್ಡಿಯಲ್ಲಿ ಏನಿಲ್ಲವೆಂದರೂ ಇಬ್ಬರು ಇದ್ದೇ ಇರುತ್ತಾರೆ. ನಿವೃತ್ತಿಯ ಹಾರ ಬಾಡುವ ಮುಂಚೆ ಓವನ್ ಕೊಂಡು ತರುವ ಜನ. ಜಾತಕದಲ್ಲಿ ಹೆಸರು ಏನಾದರೂ ಇರಲಿ, ಬಳಗದಲ್ಲಿ ಅವರಿಗೆ ‘ಹೇಗಿದೆ ಮಾವ’ ಅಂತಲೇ ಹೆಸರು. ನಮ್ಮ ಪಾಲಿಗೆ ಬಂದಿರುವವರು ಬಸವನಗುಡಿಯವರು.

ಮಾವ ಬ್ಯಾಂಕಿನಲ್ಲಿದ್ದವರು. ವಿಜಯಾ ಬ್ಯಾಂಕು 2019ರಲ್ಲಿ, ಸಿಂಡಿಕೇಟ್ ಮತ್ತು ಕಾರ್ಪೊರೇಷನ್ ಬ್ಯಾಂಕುಗಳು 2020ರಲ್ಲಿ ದೊಡ್ಡ ಬ್ಯಾಂಕುಗಳ ಹೊಟ್ಟೆ ಸೇರಿದವಲ್ಲ, ಕರಾವಳಿಯಲ್ಲಿ ಹುಟ್ಟಿದ ಆ ಮೂರರಲ್ಲಿ ಒಂದರಿಂದ ಇವರು ಹೊರಬಂದರು. ಇವರು ಹೋದ ಮೇಲೆ ಬ್ಯಾಂಕು ತಡೆಯಲಿಲ್ಲ ಎಂಬ ಧಾಟಿಯಲ್ಲಿ ಈ ವಿಷಯ ಹೇಳುತ್ತಾರೆ. ಬ್ಯಾಂಕು ಹೋದರೂ ಅದರ ನಿಯಮ ಮಾವನಲ್ಲಿ ಉಳಿದುಬಿಟ್ಟಿದೆ. ಒಬ್ಬ ಬರೆದ ವೋಚರಿಗೆ ಇನ್ನೊಬ್ಬ ಸಹಿ ಹಾಕಬೇಕು, ಆಮೇಲೆ ತಾನೇ ಅದು ಪಾಸಾಗುವುದು? ಸಂತೋಷವೂ ಹಾಗೇ. ತಾವೊಬ್ಬರೇ ಪಟ್ಟ ಸುಖ ಮಾವನ ಲೆಕ್ಕದಲ್ಲಿ ಜಮಾ ಆಗುವುದಿಲ್ಲ. ಪಕ್ಕದಲ್ಲಿ ಯಾರಾದರೂ ಇರಬೇಕು, ಅವರನ್ನು ‘ಹೇಗಿದೆ?’ ಅಂತ ಕೇಳಬೇಕು, ಅವರು ವಿವರವಾಗಿ ಉತ್ತರ ಕೊಡಬೇಕು.

ಭಾನುವಾರ ಬೆಳಗ್ಗೆ ಕೇಕಿನ ಕಾರ್ಯಕ್ರಮ. ಹಿಂದಿನ ರಾತ್ರಿಯೇ ಬಳಗದ ವಾಟ್ಸ್ಯಾಪ್ ಗುಂಪಿಗೆ ಪ್ರಕಟಣೆ ಬಂದಿರುತ್ತದೆ. ಗ್ರಾಮು ತೋರಿಸುವ ತಕ್ಕಡಿ ಮೇಜಿನ ಮೇಲೆ ಬರುತ್ತದೆ, ಮೈದಾ ಮೂರು ಸಲ ಜರಡಿ ಹಿಡಿಸಿಕೊಳ್ಳುತ್ತದೆ, ಓವನ್ 180 ಡಿಗ್ರಿಗೆ ಕಾಯಲು ಶುರುವಾಗುತ್ತದೆ. ಓವನ್ ಕಾದಿದೆ, ಮಾವ ತಯಾರಿಲ್ಲ. ಮಾವ ತಯಾರಾದರು, ಅಷ್ಟರಲ್ಲಿ ಕರೆಂಟು ಹೋಯಿತು. ಈ ಬಿಡುವಿನಲ್ಲಿ ನಾವು ಸೋಡಾದ ಮೇಲೆ ಉಪನ್ಯಾಸ ಕೇಳಬೇಕು. ಅಡುಗೆ ಸೋಡಾಕ್ಕೆ ಹುಳಿ ತಾಗಿದರೆ ಇಂಗಾಲದ ಡೈಆಕ್ಸೈಡ್ ಗುಳ್ಳೆ ಏಳುತ್ತದೆ, ಆ ಗುಳ್ಳೆಯೇ ಕೇಕನ್ನು ಉಬ್ಬಿಸುವುದು, ಅದಕ್ಕೇ ಮೊಸರು. ಬೇಕಿಂಗ್ ಪೌಡರಿನಲ್ಲಾದರೆ ಹುಳಿಯನ್ನು ಒಣಪುಡಿಯಾಗಿ ಮೊದಲೇ ಬೆರೆಸಿರುತ್ತಾರೆ. ಹೇಳುವುದೆಲ್ಲ ನಿಜವೇ. ಆದರೆ ಚಮಚದಲ್ಲಿ ಸೋಡಾ, ಬಟ್ಟಲಲ್ಲಿ ಮೊಸರು ಹಾಕಿ, ನೊರೆ ಉಕ್ಕಿಸಿ, ‘ಹೇಗಿದೆ?’ ಅಂತ ಕೇಳುತ್ತಾರಲ್ಲ, ಸೋಡಾ ನೊರೆಯ ಬಗ್ಗೆ ಮನುಷ್ಯ ಏನು ಅಭಿಪ್ರಾಯ ಇಟ್ಟುಕೊಳ್ಳಲು ಸಾಧ್ಯ?

ಮೊಟ್ಟೆ ಇಲ್ಲ. ತೊಂಬತ್ತು ದಾಟಿದ ಅಜ್ಜಿ, ಅಂದರೆ ಮಾವನ ತಾಯಿ, ಮನೆಯಲ್ಲಿದ್ದಾರೆ. ಅವರ ಬಾಯಲ್ಲಿ ಮೊಟ್ಟೆಗೆ ಹೆಸರೇ ಇಲ್ಲ. ‘ಇದಕ್ಕೆ ಅದು ಹಾಕಿಲ್ಲ ತಾನೆ?’ ಎಂದು ಒಂದೇ ಸಲ ಕೇಳುತ್ತಾರೆ, ಇಲ್ಲವೆಂದ ಮೇಲೆ ಎರಡು ತುಂಡು ತಿನ್ನುತ್ತಾರೆ. ‘ಅದರ’ ಬದಲಿಗೆ ಕಂಡೆನ್ಸ್ಡ್ ಮಿಲ್ಕಿನ ಡಬ್ಬಿ. ಖಾಲಿ ಡಬ್ಬಿಗೆ ಮೊಮ್ಮಕ್ಕಳು ಬೆರಳು ಹಾಕುತ್ತಾರೆ. ಇಡೀ ಭಾನುವಾರದಲ್ಲಿ ಯಾರೂ ಅಭಿಪ್ರಾಯ ಕೇಳದ ತಿಂಡಿ ಅದೊಂದೇ, ಮುಗಿದುಹೋಗುವುದೂ ಅದೇ ಮೊದಲು.

ಹಿಟ್ಟು ಓವನ್ ಸೇರಿದ ಮೇಲೆ ನಿಜವಾದ ಅಪಾಯ. ಕೇಕಿನ ಮೈ ಗಟ್ಟಿಯಾಗುವ ಮೊದಲು ಬಾಗಿಲು ತೆಗೆದರೆ ಒಳಗಿನ ಶಾಖ ಇಳಿಯುತ್ತದೆ, ಉಬ್ಬಿದ್ದು ನಡುವೆ ಕುಸಿಯುತ್ತದೆ. ಇದನ್ನು ನಮಗೆ ಕಲಿಸಿದವರೂ ಮಾವನೇ. ಆದರೆ ಹದಿನೈದನೇ ನಿಮಿಷಕ್ಕೆ ಕೇಕು ತಲೆ ಎತ್ತುತ್ತಿರುವುದು ಗಾಜಿನಲ್ಲಿ ಮಸುಕಾಗಿ ಕಾಣುತ್ತದೆ. ಇಂಥ ದೃಶ್ಯ ಒಬ್ಬರೇ ನೋಡುವುದುಂಟೇ? ‘ಎಲ್ಲ ಬನ್ನಿ, ಬೇಗ ಬನ್ನಿ!’ ಎಲ್ಲ ಬರುತ್ತೇವೆ. ಗಾಜಿನಲ್ಲಿ ಸರಿಯಾಗಿ ಕಾಣುವುದಿಲ್ಲ ಎಂದು ಬಾಗಿಲು ತೆಗೆಯುತ್ತಾರೆ. ‘ಹೇಗಿದೆ?’ ನಾವು ಚೆನ್ನಾಗಿದೆ ಎನ್ನುವಷ್ಟರಲ್ಲಿ ಕೇಕು ಕುಳಿತುಬಿಡುತ್ತದೆ. ಹಳ್ಳಕ್ಕೆ ಜಾಮು ತುಂಬಿ, ದಾಳಿಂಬೆ ಉದುರಿಸಿ, ಅದಕ್ಕೊಂದು ಫ್ರೆಂಚ್ ಹೆಸರಿಡುತ್ತಾರೆ. ಪ್ರತಿ ವಾರವೂ ಹೆಸರು ಬೇರೆ, ಹಳ್ಳ ಅದೇ.

ಅತ್ತೆಗೆ ಈ ಪಟ್ಟಾಭಿಷೇಕ ನೋಡಿ ನೋಡಿ ಸಾಕಾಗಿದೆ. ಮಕ್ಕಳು ಚಿಕ್ಕವರಿದ್ದಾಗ ಅವರು ಕುಕ್ಕರಿನಲ್ಲಿ ಕೇಕು ಮಾಡುತ್ತಿದ್ದರು. ತಳಕ್ಕೆ ಮರಳು, ಗ್ಯಾಸ್ಕೆಟ್ ತೆಗೆದು, ವೆಯ್ಟ್ ಇಡದೆ, ಸಣ್ಣ ಉರಿ. ಒಂದೊಂದು ಸಲ ಅಡಿ ಕಂದುತ್ತಿತ್ತಂತೆ. ‘ಆಗ ಯಾರೂ ಯಾರನ್ನೂ ಕೇಳ್ತಿರಲಿಲ್ಲ. ತಿಂತಿದ್ರು,’ ಎನ್ನುತ್ತಾರೆ. ರಸ್ತೆಯ ಮೂಲೆಯಲ್ಲಿ ಅಯ್ಯಂಗಾರ್ ಬೇಕರಿ ಇರುವುದನ್ನೂ ಆಗಾಗ ನೆನಪಿಸುತ್ತಾರೆ. ಹಾಸನದ ಕಡೆಯಿಂದ ಬಂದು ಬೆಂಗಳೂರಿನ ನಾಲಿಗೆಗೆ ಖಾರಾ ಬನ್ನು, ದಿಲ್‌ಪಸಂದ್, ಬೆಣ್ಣೆ ಬಿಸ್ಕತ್ತು ಹತ್ತಿಸಿದವರು ಆ ಜನ. ಅಲ್ಲಿ ಕೌಂಟರಿನವನು ನಮ್ಮ ಮುಖವನ್ನೂ ಸರಿಯಾಗಿ ನೋಡುವುದಿಲ್ಲ. ಕಾಗದದಲ್ಲಿ ಹನಿ ಕೇಕು, ಕೈಗೆ ಚಿಲ್ಲರೆ, ಮುಂದಿನವರು ಬನ್ನಿ. ಮೇಲಿನ ಕೆಂಪು ಜಾಮನ್ನೂ ಕೊಬ್ಬರಿ ತುರಿಯನ್ನೂ ಫುಟ್‌ಪಾತಿನಲ್ಲಿ ನಿಂತು ನಿರುಮ್ಮಳವಾಗಿ ನೆಕ್ಕಬಹುದು. ನಾನು ಮಾವನ ಮನೆಗೆ ಹೋಗುವ ದಾರಿಯಲ್ಲಿ ಇದನ್ನು ಮುಗಿಸಿಕೊಂಡೇ ಹೋಗುವುದು.

‘ಚೆನ್ನಾಗಿದೆ’ ಎನ್ನುವ ಉತ್ತರ ಮಾವನಲ್ಲಿ ನಡೆಯುವುದಿಲ್ಲ. ‘ಚೆನ್ನಾಗಿದೆ ಅಂದ್ರೆ? ಸಿಹಿ ಸರಿಯಾಗಿದೆಯಾ? ಮೆತ್ತಗಿದೆಯಾ? ಏಲಕ್ಕಿ ಮುಂದೆ ಬಂತಾ?’ ಹೀಗೆ ಉಪಪ್ರಶ್ನೆಗಳು. ‘ಹೋದ ವಾರಕ್ಕಿಂತ ಚೆನ್ನಾಗಿದೆ’ ಎನ್ನುವುದು ಅತಿ ಬುದ್ಧಿವಂತರು ಬೀಳುವ ಗುಂಡಿ. ಹೋದ ವಾರ ಏನು ಕೆಟ್ಟಿತ್ತು ಎಂಬ ಮರುತನಿಖೆಗೆ ಅರ್ಧ ಗಂಟೆ ಬೇಕು. ಅಳಿಯಂದಿರಲ್ಲಿ ಒಬ್ಬರು ಬಾಯಿ ತುಂಬ ಕೇಕು ತುಂಬಿಕೊಂಡು ಕಣ್ಣು ಮುಚ್ಚಿ ತಲೆಯಾಡಿಸುವ ಉಪಾಯ ಕಂಡುಕೊಂಡಿದ್ದಾರೆ. ಅವರ ತೂಕ ಏರುತ್ತಿದೆ.

ಕೇಕು ಕಟ್ಟಿಕೊಂಡು ಪ್ರವಾಸ ಹೊರಟರಂತೂ ಮಾವನಿಗೆ ಎರಡು ಖಾತೆ ಒಟ್ಟಿಗೆ ತೆರೆದ ಸಂಭ್ರಮ. ನಂದಿಬೆಟ್ಟಕ್ಕೆ ಕತ್ತಲೆಯಲ್ಲೇ ಎಬ್ಬಿಸಿ ಕರೆದೊಯ್ದರು. 1,478 ಮೀಟರ್ ಎತ್ತರದಲ್ಲಿ ಎದುರಿಗೆ ಬರೀ ಮಂಜು. ಸೂರ್ಯ ಹುಟ್ಟಿದನೋ ಇಲ್ಲವೋ ಯಾರಿಗೂ ತಿಳಿಯದು. ಆ ಬಿಳುಪಿನೊಳಗಿಂದ ಮಾವನ ದನಿ ಬಂತು: ‘ಹೇಗಿದೆ?’ ಲಾಲ್‌ಬಾಗಿನ ಬಂಡೆಯ ಮೇಲೆ ಕೂತಾಗಲೂ ಇದೇ. ಭೂವಿಜ್ಞಾನಿಗಳ ಲೆಕ್ಕದಲ್ಲಿ ಅದಕ್ಕೆ ಸುಮಾರು 300 ಕೋಟಿ ವರ್ಷ. ಅಷ್ಟು ಕಾಲದಿಂದ ಯಾರ ಅಭಿಪ್ರಾಯವನ್ನೂ ಕೇಳದೆ ಕೂತಿರುವ ಬಂಡೆ, ಅದರ ಮೇಲೆ ಮಾವ!

ಆದರೆ ಬಳಗದಲ್ಲಿ ಇವತ್ತಿಗೂ ಮಾತಿಗೆ ಬರುವುದು ದೊಡ್ಡ ಆಲದಮರದ ಪ್ರವಾಸ. ಕೆಂಗೇರಿ ದಾಟಿ ರಾಮೋಹಳ್ಳಿಯ ಹತ್ತಿರ, ಸುಮಾರು ಮೂರು ಎಕರೆ ಹರಡಿಕೊಂಡಿರುವ, ನಾನ್ನೂರು ವರ್ಷದ್ದೆಂದು ಹೇಳುವ ಮರ. ಅದರ ಮೂಲ ಕಾಂಡ ರೋಗ ಬಂದು ಹೋಗಿ ಎಷ್ಟೋ ಕಾಲವಾಯಿತು. ಈಗ ನಿಂತಿರುವುದೆಲ್ಲ ಬಿಳಲು ಇಳಿದು ಬೇರೂರಿದ ಕಾಂಡಗಳು. ‘ಹೇಗಿದೆ ಮರ?’ ಎಂದು ಮಾವ ಕೇಳಿದಾಗ ಕಿರಿಯ ಮೊಮ್ಮಗ ಸುತ್ತಲೂ ನೋಡಿ, ‘ಯಾವುದು?’ ಅಂದ. ಕಾಂಡವೇ ಇಲ್ಲದ ಮರವನ್ನು ತೋರಿಸುವುದು ಎಲ್ಲಿಂದ ಎಂದು ಮಾವನೂ ಒಂದು ಗಳಿಗೆ ತಡವರಿಸಿದರು.

ಜಮಖಾನ ಹಾಸಿದೆವು. ಒಂದು ಕಡೆ ಅತ್ತೆಯ ಚಿತ್ರಾನ್ನ, ಮೊಸರನ್ನ, ಕೋಡುಬಳೆ. ಇನ್ನೊಂದು ಕಡೆ ಬೆಣ್ಣೆ ಕಾಗದದಲ್ಲಿ ಸುತ್ತಿದ ದಾಲ್ಚಿನ್ನಿ ಬಾಳೆಹಣ್ಣಿನ ಕೇಕು. ಅಲ್ಲಿ ಕೋತಿಗಳಿಗೆ ಬರವಿಲ್ಲ. ದಡೂತಿ ಗಂಡು ಕೋತಿಯೊಂದು ಸಾವಕಾಶವಾಗಿ ನಡೆದು ಬಂದು, ನಮ್ಮ ಕಿರುಚಾಟಕ್ಕೆ ಕಿವಿಗೊಡದೆ, ಕೇಕಿನ ತುಂಡೊಂದನ್ನು ಎತ್ತಿಕೊಂಡಿತು. ಎಲ್ಲರೂ ಕೋಲು ಹುಡುಕುತ್ತಿದ್ದರೆ ಮಾವ ಮಾತ್ರ ಕೈ ಎತ್ತಿ ತಡೆದರು. ‘ಇರಿ, ಇರಿ. ತಿನ್ನಲಿ.’ ಅವರ ಮುಖದಲ್ಲಿ ಆಗ ಮೂಡಿದ ಆಸೆಯನ್ನು ನೋಡಬೇಕಿತ್ತು. ಮುಲಾಜಿಲ್ಲ, ನೆಂಟಸ್ತಿಕೆಯಿಲ್ಲ, ಮುಂದಿನ ಭಾನುವಾರ ಮತ್ತೆ ಮುಖ ನೋಡಬೇಕೆಂಬ ಭಯವಿಲ್ಲ! ಕೋತಿ ಮೂಸಿತು. ತಿರುಗಿಸಿ ಇನ್ನೊಮ್ಮೆ ಮೂಸಿತು. ಕೇಕನ್ನು ಜಮಖಾನದ ಮೇಲೆ, ಎತ್ತಿದ ಜಾಗದಲ್ಲೇ ಇಟ್ಟಿತು. ಕೋಡುಬಳೆಯ ಡಬ್ಬಿ ತೆಗೆದುಕೊಂಡು ಬಿಳಲು ಹಿಡಿದು ಮೇಲೆ ಹೋಯಿತು.

ಯಾರೂ ಉಸಿರೆತ್ತಲಿಲ್ಲ. ಅತ್ತೆ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದರು. ಮಾವ ಜೇಬಿನಿಂದ ಪುಟ್ಟ ಪುಸ್ತಕ ತೆಗೆದು ಏನೋ ಬರೆದುಕೊಂಡು, ‘ದಾಲ್ಚಿನ್ನಿ ಸ್ವಲ್ಪ ಜಾಸ್ತಿ ಆಯ್ತು, ಅಲ್ವಾ?’ ಅಂದರು. ಜಾಸ್ತಿ ಆಗಿತ್ತು. ವಾರಗಟ್ಟಲೆಯಿಂದ ಆಗುತ್ತಿತ್ತು. ಅವತ್ತಿನಿಂದ ಕಡಿಮೆಯಾಗಿದೆ, ಆ ಕೋತಿಯ ಹೊಟ್ಟೆ ತಣ್ಣಗಿರಲಿ.

ಇನ್ನು ಓದು. ಹುಡುಗನಾಗಿದ್ದಾಗ ಸರ್ಕ್ಯುಲೇಟಿಂಗ್ ಲೈಬ್ರರಿಯಿಂದ ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಗಳನ್ನು ಬಾಡಿಗೆಗೆ ತಂದು, ಪಠ್ಯಪುಸ್ತಕದೊಳಗಿಟ್ಟು ಓದಿದವರು ಮಾವ. ಬದುಕಿನಲ್ಲಿ ಅವರು ಯಾರಿಗೂ ಹೇಳದೆ ಅನುಭವಿಸಿದ ಸುಖ ಬಹುಶಃ ಅದೊಂದೇ. ಈಗ ಓದುವುದೆಲ್ಲ ಬಹಿರಂಗ. ತಮ್ಮ ಕೋಣೆಯಲ್ಲಿ ತೇಜಸ್ವಿಯವರ ‘ಕರ್ವಾಲೋ’ ಹಿಡಿದು ಕೂತು, ಮಂದಣ್ಣ ಬಂದಾಗಲೆಲ್ಲ ಜೋರಾಗಿ ನಗುತ್ತಾರೆ. ನಕ್ಕು ಸ್ವಲ್ಪ ಕಾಯುತ್ತಾರೆ. ‘ಏನು?’ ಅಂತ ಯಾರೂ ಕೇಳದಿದ್ದರೆ ಅದೇ ನಗೆಯನ್ನು ಇನ್ನೂ ಸ್ವಲ್ಪ ಎತ್ತರಿಸಿ ಮತ್ತೊಮ್ಮೆ ನಗುತ್ತಾರೆ. ಮೂರನೆಯ ನಗೆಗೆ ಪುಸ್ತಕ ಸಮೇತ ಹಜಾರಕ್ಕೇ ಬರುತ್ತಾರೆ. ಒಂದು ಪ್ಯಾರಾ ಓದುತ್ತೇನೆ ಎಂದು ಶುರು ಮಾಡಿದ್ದು ಅಧ್ಯಾಯ ದಾಟುತ್ತದೆ. ಓದುವಾಗ ಅವರ ಒಂದು ಕಣ್ಣು ಪುಟದ ಮೇಲೆ, ಇನ್ನೊಂದು ನಮ್ಮ ತುಟಿಯ ಮೇಲೆ. ನಗೆ ಬರುವ ಸಾಲಿಗೆ ಎರಡು ಸಾಲು ಮುಂಚೆಯೇ ನಾವು ನಕ್ಕುಬಿಟ್ಟರೆ, ‘ತಾಳಿ, ಇನ್ನೂ ಬಂದಿಲ್ಲ’ ಎನ್ನುತ್ತಾರೆ.

ಪುಸ್ತಕ ಕೊಟ್ಟು ಕಳಿಸಿದರೆ ಇನ್ನೂ ಕಷ್ಟ. ಮರುದಿನವೇ ಫೋನು. ‘ಎಲ್ಲಿವರೆಗೆ ಬಂದ್ರಿ? ಓತಿ ಸಿಕ್ತಾ? ಇನ್ನೂ ಇಲ್ವಾ? ಹಾಗಾದ್ರೆ ನಾನು ಹೇಳಲ್ಲ, ಆದ್ರೆ ಕೊನೇಲಿ ಅದು...’ ಇಲ್ಲಿ ನೆಟ್‌ವರ್ಕ್ ಸರಿಯಿಲ್ಲವೆಂದು ಫೋನ್ ಇಡುವುದನ್ನು ನಮ್ಮ ಬಳಗದ ಮಕ್ಕಳೂ ಕಲಿತಿದ್ದಾರೆ.

ಇಷ್ಟೆಲ್ಲ ನಡೆಯುವಾಗ ಕಿಟಕಿಯ ಪಕ್ಕ ಅಜ್ಜಿ ಭೂತಕನ್ನಡಿ ಹಿಡಿದು ತ್ರಿವೇಣಿಯವರ ಕಾದಂಬರಿಯನ್ನು ಎಷ್ಟನೆಯದೋ ಸಲ ಓದುತ್ತಿರುತ್ತಾರೆ. ಹೇಗಿದೆ ಅಂತ ಕೇಳಿದರೆ, ‘ನಿನಗ್ಯಾಕೆ?’ ಎನ್ನುತ್ತಾರೆ. ಇಂಥ ತಾಯಿಗೆ ಇಂಥ ಮಗ ಹೇಗೆ ಹುಟ್ಟಿದ ಎಂದು ನನಗೆ ಆಶ್ಚರ್ಯ. ಆ ‘ನಿನಗ್ಯಾಕೆ’ಯನ್ನು ಕೇಳಿ ಕೇಳಿಯೇ ಹೀಗಾದರೋ ಏನೋ.

ಈಚೆಗೆ ಎದುರು ಮನೆಗೆ ಹೊಸಬರು ಬಂದರು. ಅವರೂ ನಿವೃತ್ತರು, ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳುತ್ತಿದ್ದವರು. ಬಂದ ವಾರದಲ್ಲೇ ತಟ್ಟೆಗೆ ಬಟ್ಟೆ ಮುಚ್ಚಿಕೊಂಡು ಬಾಗಿಲಲ್ಲಿ ನಿಂತರು. ಮನೆಯಲ್ಲೇ ಹುಳಿ ಬರಿಸಿ ಮಾಡಿದ ರಾಗಿ ಬ್ರೆಡ್ಡಂತೆ. ಮಾವ ಒಂದು ತುಂಡು ಮುರಿದು ಬಾಯಿಗಿಟ್ಟು, ಅಗಿಯುತ್ತಾ ಪೇಪರಿನ ಪುಟ ತಿರುವಿದರು.

‘ಹೇಗಿದೆ?’ ಎಂದರು ಮೇಷ್ಟ್ರು.

‘ಹ್ಞೂಂ. ಚೆನ್ನಾಗಿದೆ,’ ಎಂದು ಮಾವ ಕ್ರೀಡಾಪುಟಕ್ಕೆ ಹೋದರು.

ಮೇಷ್ಟ್ರು ಕುರ್ಚಿ ಎಳೆದುಕೊಂಡು ಎದುರಿಗೇ ಕೂತರು. ‘ಚೆನ್ನಾಗಿದೆ ಅಂದ್ರೆ? ಹುಳಿ ಹಿಡಿಸ್ತಾ? ಹೊರಗಿನ ಪದರ ಗಟ್ಟಿ ಆಯ್ತಾ? ಒಳಗಡೆ ತೂತು ದೊಡ್ಡದಾಗಿ ಬಂದಿದೆ, ಗಮನಿಸಿದ್ರಾ? ಇಲ್ಲಿ ನೋಡಿ, ಬೆಳಕಿಗೆ ಹಿಡೀರಿ.’ ಜೇಬಿನಿಂದ ಅವರದೂ ಒಂದು ಪುಟ್ಟ ಪುಸ್ತಕ ಹೊರಬಂತು.

ಮಾವ ಪೇಪರು ಮಡಿಸಿದರು. ನನ್ನ ಕಡೆ ನೋಡಿದರು, ನಾನು ಫೋನ್ ನೋಡುತ್ತಿದ್ದೆ. ಅಜ್ಜಿಯ ಕಡೆ ನೋಡಿದರು, ಅಜ್ಜಿ ಪುಟ ತಿರುವಿದರು. ಕೊನೆಗೆ ಅತ್ತೆಯ ಕಡೆ ನೋಡಿದರು. ಅತ್ತೆ, ಕುಕ್ಕರ್ ಕೂಗಿತೆಂದು ಎದ್ದು ಒಳಗೆ ಹೋದರು. ಕುಕ್ಕರ್ ಇಟ್ಟೇ ಇರಲಿಲ್ಲ.